ಗಾಳಿಸಿದ ನೀರು

ನಿಪ್ಪಾಣಿಯ ನಮ್ಮ ಮನೆತನದ ತಂಬಾಕಿನ ಗೋದಾಮಿನಲ್ಲಿ ಕಂಪ್ಯೂಟರ್ ಇಡುತ್ತಾರಂತೆ ಎಂಬ ಸುದ್ದಿಗೆ ಇಡೀ ಓಣಿ ನಕ್ಕಿತ್ತು. ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ, ಮೊದಲು ನಕ್ಕವಳು ನಾನೇ. ಮೊಳ ದಪ್ಪದ ಗೋಡೆ, ಎತ್ತರದ ಮಾಡು, ಎಷ್ಟು ತೊಳೆದರೂ ಒಳಗೆ ಕಾಲಿಟ್ಟವರಿಗೆ ಎರಡು ಸೀನು ಖಾಯಂ. ಅಂಥಲ್ಲಿ ಪುಣೆಯ ಕಂಪನಿಯೊಂದು ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದು, ಗಾಜು ಹಾಕಿ ಕೋಣೆ ಮಾಡಿ, ಆಳೆತ್ತರದ ಕಪಾಟುಗಳ ತುಂಬ ಯಂತ್ರ ತಂದಿಟ್ಟಿತು. ಅವನ್ನು ನೋಡಿಕೊಳ್ಳಲು ಊರವರೇ ಒಬ್ಬರು ಬೇಕಿತ್ತು. ಚಿಕ್ಕೋಡಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಆಮೇಲೆ ವರ್ಷಗಟ್ಟಲೆ ಮನೆಯಲ್ಲಿ ಜೋಳದ ಭಕ್ಕರಿ ಬಡಿದುಕೊಂಡಿದ್ದ ನನ್ನನ್ನು ತೆಗೆದುಕೊಂಡರು.

ಅಲ್ಲಿಯವರೆಗೆ ನಾನು ಇವರ ಹೆಂಡತಿ, ಅವರ ಸೊಸೆ, ಇಂಥವರ ತಾಯಿ. ಆ ಗಾಜಿನ ಬಾಗಿಲು ದಾಟಿದರೆ ಮಾತ್ರ ನಾನು ನಾನು. ಆ ಕೆಲಸ ಹೋದರೆ ಮತ್ತೊಂದು ಸಿಗುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ವಯಸ್ಸಿನಲ್ಲಿ, ಈ ಊರಿನಲ್ಲಿ ಯಾರು ಕೊಡುತ್ತಾರೆ?

ಈ ಯಂತ್ರಗಳ ಬಿಸಿ ಫ್ಯಾನಿಗೆ ಆರುವಂಥದ್ದಲ್ಲ. ಒಂದೊಂದು ಕಂಪ್ಯೂಟರ್ ಚಿಪ್ಪಿನ ತಲೆಯ ಮೇಲೂ ಒಂದು ತಾಮ್ರದ ಬಿಲ್ಲೆ ಕೂತಿರುತ್ತದೆ. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು. ನೀರು ಅವುಗಳಲ್ಲಿ ಹರಿದು, ಬಿಸಿಯನ್ನು ಹೊತ್ತು ಹಿತ್ತಲಿನ ರೇಡಿಯೇಟರಿಗೆ ಹೋಗಿ, ತಣ್ಣಗಾಗಿ ಮರಳಬೇಕು. ಅದು ಬಾವಿ ನೀರಲ್ಲ, ಉಪ್ಪಿನಂಶವೆಲ್ಲ ತೆಗೆದ ಶುದ್ಧ ನೀರು. ಕೊಲ್ಲಾಪುರದಿಂದ ಕ್ಯಾನಿನಲ್ಲಿ ಬರುತ್ತಿತ್ತು. ಮನೆಯ ಪಡಸಾಲೆಯಲ್ಲಿ ಇಟ್ಟುಕೊಂಡು, ಯಂತ್ರಗಳಿಗೆ ನೀರುಣಿಸುವ ಟಾಕಿಯಲ್ಲಿ ಮಟ್ಟ ಇಳಿದಾಗ ಸ್ವಲ್ಪ ಸ್ವಲ್ಪ ಹಾಕುವುದು ನನ್ನ ಕೆಲಸ.

ಬೇಸಿಗೆ ಹತ್ತಿದಾಗ ಯಂತ್ರಗಳು ಕಾಯತೊಡಗಿದವು. ನಿನ್ನೆಗಿಂತ ಇಂದು ಜಾಸ್ತಿ, ಇಂದಿಗಿಂತ ನಾಳೆ. ಪುಣೆಯ ಎಂಜಿನಿಯರ್ ಫೋನಿನಲ್ಲಿ ಮೊದಮೊದಲು ಸಮಾಧಾನ ಹೇಳಿದ, ಆಮೇಲೆ ದನಿ ಬಿಗಿ ಮಾಡಿದ. ಶನಿವಾರ ತಾನೇ ಬರುತ್ತೇನೆ, ಅಷ್ಟರಲ್ಲಿ ತಣ್ಣಗಾಗದಿದ್ದರೆ ಎಲ್ಲ ಲಾರಿಗೆ ಹೇರಿಕೊಂಡು ಹೋಗುತ್ತೇವೆ ಎಂದ.

ನಾನು ಮಾಡದ ಉಪಾಯವಿಲ್ಲ. ಪಂಪು ನೋಡಿದೆ, ಕೊಳವೆಗಳೊಳಗಿನ ಗಾಳಿ ತೆಗೆದೆ, ರೇಡಿಯೇಟರಿಗೆ ಕೂತಿದ್ದ ತಂಬಾಕಿನ ಧೂಳು ತೊಳೆದೆ, ನೀರಿನ ಕಸ ಹಿಡಿಯುವ ಜಾಲರಿ ಬದಲಿಸಿದೆ. ಬಿಸಿಯ ಅಂಕಿ ಇಳಿಯಲಿಲ್ಲ. ಯಂತ್ರಗಳ ಸದ್ದಿನಲ್ಲಿ ಅತ್ತರೆ ಹೊರಗೆ ಕೇಳಿಸುವುದಿಲ್ಲ, ಅದೊಂದು ಅನುಕೂಲವಿತ್ತು. ಹೊಟ್ಟೆ ತುಂಬ ಅತ್ತುಕೊಂಡೆ. ಕೊನೆಗೆ ಆದದ್ದಾಗಲಿ ಎಂದು ಒಂದು ಯಂತ್ರ ಬಂದ್ ಮಾಡಿ ತಾಮ್ರದ ಬಿಲ್ಲೆಯನ್ನೇ ಬಿಚ್ಚಿದೆ. ಕಾಲುವೆಗಳ ಬಾಯಿಗೆ ಬಿಳಿಯ ಜುಂಗು ಮೆತ್ತಿಕೊಂಡಿತ್ತು. ಸೂಜಿಯಿಂದ ಎತ್ತಿ ಬೆಳಕಿಗೆ ಹಿಡಿದೆ. ಹತ್ತಿಯ ಎಳೆಗಳು. ಜಾಲರಿಯನ್ನೂ ದಾಟಿ ಬಂದಷ್ಟು ಸಣ್ಣವು.

ಬಿಲ್ಲೆ ಹಿಡಿದುಕೊಂಡೇ ಮನೆಗೆ ಓಡಿದೆ. ಪಡಸಾಲೆಯಲ್ಲಿ ನಮ್ಮತ್ತೆ ಕೊಡದ ಬಾಯಿಗೆ ಎರಡು ಪದರು ಬಟ್ಟೆ ಕಟ್ಟಿ, ನನ್ನ ಕ್ಯಾನನ್ನು ಬಗ್ಗಿಸುತ್ತಿದ್ದರು.

ನಮ್ಮದು ಜೈನರ ಮನೆ. ಬಟ್ಟೆಯಲ್ಲಿ ಸೋಸಿ ಗಾಳಿಸದ ನೀರನ್ನು ನಾವು ಕುಡಿಯುವುದಿರಲಿ, ನೆಲ ಒರೆಸಲೂ ಬಳಸುವುದಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಬಟ್ಟೆಯಲ್ಲಿ ಉಳಿದವನ್ನು ಮತ್ತೆ ಬಾವಿಗೇ ಬಿಟ್ಟು ಬರಬೇಕು. ನಾನೂ ದಿನಾ ಮಾಡುವ ಕೆಲಸವೇ ಅದು.

"ಅತ್ತಿ, ಈ ನೀರ ಯಾಕ ಗಾಳಸಾಕತ್ತೀರಿ?"

"ಕೊಲ್ಲಾಪುರದವ್ರು ಗಾಳಸ್ತಾರೋ ಇಲ್ಲೋ, ಯಾರಿಗೆ ಗೊತ್ತವ್ವಾ? ಕೆಲಸ ನಿಂದು. ಅದರ ಪಾಪ ನಿನಗ ಹತ್ತಬಾರದಂತ."

"ಯಾವಾಗಿಂದರಿ?"

"ಹೋಳಿ ಹುಣ್ಣಿವಿ ಆದಮ್ಯಾಲಿಂದ. ನೀ ಅಡಗಿ ಮನ್ಯಾಗಿದ್ದಾಗ ದಿನಾ ಗಾಳಸಿ ತಿರಗಿ ಕ್ಯಾನಿಗೆ ತುಂಬಿಡ್ತೀನಿ. ಹಳೇ ಬಟ್ಟಿ ಅಲ್ಲ ಮತ್ತ, ನಿನ್ನ ನೀರಿಗಂತ ಹೊಸಾ ಖಾದಿ ತರಿಸೀನಿ ನೋಡು."

ಹೊಸ ಬಟ್ಟೆಯೇ ಹೆಚ್ಚು ಎಳೆ ಉದುರಿಸುವುದು. ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಪುಣ್ಯ ನನ್ನ ಅನ್ನಕ್ಕ ಕಲ್ಲ ಹಾಕೇತ್ರಿ" ಎಂದು ಓಣಿಗೆ ಕೇಳುವಂತೆ ಚೀರಿದೆ. ಅವರು ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಏನೂ ತಿಳಿಯಲಿಲ್ಲ. ಆದರೂ ಕಣ್ಣಲ್ಲಿ ನೀರು ಬಂತು.

ಶನಿವಾರದವರೆಗೆ ಒಂದೊಂದೇ ಯಂತ್ರ ಬಂದ್ ಮಾಡಿ ಬಿಲ್ಲೆಗಳನ್ನು ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಎಳೆ ತೆಗೆದೆ. ಎರಡನೆಯ ದಿನ ಅತ್ತೆ ಗೋದಾಮಿಗೆ ಬಂದು ಗಾಜಿನ ಬಾಗಿಲ ಹೊರಗೆ ಕೂತರು. ಏನು ಮಾಡಲಿ ಎಂದು ಕೇಳುವ ಧೈರ್ಯ ಅವರಿಗಿಲ್ಲ, ಹೋಗಿ ಎನ್ನುವ ಮನಸ್ಸು ನನಗಿಲ್ಲ. ಕೊನೆಗೆ ಕೊಳವೆಗಳನ್ನು ತೊಳೆಯಲು ಕೊಟ್ಟೆ. ಕ್ಯಾನಿನ ನೀರಿನಿಂದ, ಗಾಳಿಸದೆಯೇ, ತುಟಿ ಬಿಗಿಹಿಡಿದು ತೊಳೆದರು. ಆ ಎರಡು ದಿನ ಅವರು ಒಪ್ಪತ್ತು ಮಾತ್ರ ಉಂಡರು. ಗಾಳಿಸದ ನೀರಿಗೆ ಅದು ಅವರ ಪ್ರಾಯಶ್ಚಿತ್ತವಿರಬೇಕು.

ಶನಿವಾರ ಎಂಜಿನಿಯರ್ ಬರುವ ಹೊತ್ತಿಗೆ ಅಂಕಿಗಳೆಲ್ಲ ಇಳಿದಿದ್ದವು. ಕಾರಣ ಕೇಳಿದ. ಇದ್ದದ್ದು ಇದ್ದಹಾಗೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಎಳೆಗಳ ಫೋಟೋ ತೆಗೆದು ಆಫೀಸಿಗೆ ಕಳಿಸಿದ. ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು. ಯಂತ್ರಗಳು ಉಳಿದವಲ್ಲ!

ಅವನು ಚಹಾ ಕುಡಿಯುತ್ತಿರುವಾಗ ಆಫೀಸಿನಿಂದ ಫೋನ್ ಬಂತು. ಮಾತು ಮುಗಿಸಿ, ಕಪ್ಪು ಕೆಳಗಿಟ್ಟು, ಅತ್ತಿಗೆ ಎಂದು ಕರೆದು ಮರಾಠಿಯಲ್ಲಿ ಹೇಳಿದ: "ಜಾಗಾ ರಾಹೀಲ, ವಹಿನಿ. ಮಾಣೂಸ್ ನಕೋ." ಜಾಗ ಇರುತ್ತದಂತೆ, ಮನುಷ್ಯರು ಬೇಡವಂತೆ. ಇನ್ನು ಮುಂದೆ ಫ್ಯಾಕ್ಟರಿಯಲ್ಲೇ ನೀರು ತುಂಬಿ ಸೀಲ್ ಮಾಡಿದ ಟಾಕಿ ಬರುತ್ತದೆ, ಯಾರೂ ಬಿಚ್ಚುವ ಹಾಗಿಲ್ಲ, ಅಂಕಿಗಳನ್ನು ಪುಣೆಯಲ್ಲೇ ಕೂತು ನೋಡುತ್ತಾರೆ. ಮನೆಯವರಿಗೆ ಬಾಡಿಗೆ ಮೊದಲಿನಂತೆಯೇ ಸಿಗುತ್ತದೆ, ಚಿಂತೆ ಬೇಡ ಎಂದು ಸಂತೋಷದಿಂದಲೇ ಹೇಳಿದ. ಪಾಪ, ಒಳ್ಳೆಯ ಸುದ್ದಿ ಕೊಟ್ಟೆ ಎಂದುಕೊಂಡಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನದು ಬಾಯೊಳಗಿನಿಂದ ಹೋಯಿತು.

ಅವನ ಕಾರು ಹೆದ್ದಾರಿ ಹತ್ತಿದ ಮೇಲೆ ಮನೆಗೆ ಬಂದೆ. ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಉಣ್ಣಬೇಕು, ಅತ್ತೆ ತಾಟು ಹಚ್ಚಿ ಕಾಯುತ್ತಿದ್ದರು.

"ತಣ್ಣಗಾದುವಿಲ್ಲೋ?"

"ಆದೂರಿ."

ಅವರ ಮುಖ ಅರಳಿತು. ನನ್ನ ತಾಟಿಗೆ ಬಿಸಿ ಭಕ್ಕರಿ ಹಾಕಿ, ಮೇಲೆ ಎರಡು ಚಮಚೆ ತುಪ್ಪ ಸುರಿದರು.

"ಇನ್ನ ನಿನ್ನ ನೀರಿನ ತಂಟೆಕ ಬರಂಗಿಲ್ಲವ್ವಾ, ಆಣಿ ಮಾಡಿ ಹೇಳ್ತೀನಿ. ನಾಳಿಂದ ಮನಿ ಅಡಗಿ ಎಲ್ಲಾ ನಂದು. ನೀ ಮುಂಜಾನೆ ಎದ್ದಕೂಡ್ಲೆ ನಿನ್ನ ಕೆಲಸಕ್ಕ ಹೋಗು."

"ಹೂಂರಿ ಅತ್ತಿ" ಎಂದೆ.