ದಿವಾನದೊಳಗಿನ ಎಂಟು ಪೆಟ್ಟಿಗೆ

ಬೆಳಿಗ್ಗೆ ನೀರು ತುಂಬಿದೆ. ಜೋಳ ಬೀಸಲು ಕೊಟ್ಟು ಬಂದೆ. ಅಡುಗೆಯಾದ ಮೇಲೆ ದಿವಾನದ ಹಲಗೆ ಎತ್ತಿ ಕೌದಿಗಳನ್ನು ಬಿಸಿಲಿಗೆ ಹಾಕಿದೆ. ಒಳಗಿನಿಂದ ಈಗಲೂ ತೆಳ್ಳಗೆ ರಬ್ಬರಿನ ವಾಸನೆ ಬಂತು. ನಿಮಗೆ ನಗು ಬರಬಹುದು, ತವರಿನವರಿಗೂ ನಾನು ಹೇಳದ ಕಥೆ ಆ ವಾಸನೆಯಲ್ಲಿದೆ.

ನಮ್ಮವರು, ಅಂದರೆ ನನ್ನ ಗಂಡ, ಧಾರವಾಡದವರು. ಮರಾಠಿ ಸೀಮೆಯ ಭೋಸರಿಯಲ್ಲಿ, ಒಂದು ಸಣ್ಣ ಶೆಡ್ಡಿನಲ್ಲಿ, ಕಾರಿನ ಕುಲುಕಾಟ ತಡೆಯುವ ರಬ್ಬರ್ ಬುಶ್ಶು ಮಾಡುತ್ತಾರೆ. ಕೆಲವು ವರ್ಷಗಳ ಹಿಂದೆ ಗಿರಾಕಿ ಒಂದೇ, ರಾಂಜಣಗಾಂವದ ಕಡೆಯ ಒಂದು ಕಾರು ಕಂಪನಿ. ಅಲ್ಲಿಯ ದೇಶಮುಖ ಸಾಹೇಬರು ಶೆಡ್ಡುಗಳಿಗೆಲ್ಲ ಬಂದು ಹೊಸ ಪದ್ಧತಿ ಹೇಳಿಕೊಡುತ್ತಿದ್ದರು: ದಿನಕ್ಕೆ ಬೇಕಾದಷ್ಟೇ ಮಾಡಿ, ಕೂಡಿಡಬೇಡಿ, ನಮ್ಮ ಗಾಡಿ ದಿನಾ ಬಂದು ಒಯ್ಯುತ್ತದೆ. ವರ್ಷದ ಖಾರಪುಡಿ ಒಮ್ಮೆಗೇ ಕುಟ್ಟಿಸಿಡುವ ನನಗೆ ಇದು ತಲೆಗೇ ಹತ್ತಲಿಲ್ಲ. ನಮ್ಮವರು ಮಾತ್ರ "ಹೌದ್ರಿ ಸಾಹೇಬ್ರ, ಕೂಡಿಡೂದು ಬಿಟ್ಟೇವಿ" ಅಂದರು. ಹಾಗೆ ಹೇಳಿ, ಶೆಡ್ಡಿನಲ್ಲಿ ಉಳಿದ ಎಂಟು ಪೆಟ್ಟಿಗೆ ಮಾಲನ್ನು ಮನೆಗೆ ತಂದು ದಿವಾನದೊಳಗೆ ತುಂಬಿದರು. ಮೇಲೆ ಕೌದಿ ಮುಚ್ಚಿದವಳು ನಾನೇ.

"ಬಾಣಂತನಕ್ಕ ಬಂದ ಮಗಳಂಗ ಕುಂತಾವಲ್ಲೋ," ಎಂದು ಅತ್ತೆ ಮಗನನ್ನು ಕಾಡುತ್ತಿದ್ದರು. "ಯಾವಾಗ ಕಳಸ್ತಿ?"

ಒಂದು ಶನಿವಾರ ಶೆಡ್ಡು ನೋಡಿದ ಸಾಹೇಬರು ಚಹಕ್ಕೆ ಮನೆಗೇ ಬಂದರು. ಸೊಲ್ಲಾಪುರದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಬಂದವರು ನೇರ ದಿವಾನದ ಮೇಲೆಯೇ ಕುಳಿತರು. ಸುಳ್ಳು ಹೇಳಿ ಸಿಕ್ಕಿಬಿದ್ದ ಶೆಡ್ಡಿನ ಕೆಲಸವನ್ನು ಕಂಪನಿ ಬೇರೆಯವರಿಗೆ ಕೊಟ್ಟದ್ದನ್ನು ನಾವು ಕಂಡಿದ್ದೆವು. ವಾಸನೆ ಮುಚ್ಚಲು ನಾನು ಮಧ್ಯಾಹ್ನ ಮೂರಕ್ಕೇ ಊದಿನಕಡ್ಡಿ ಹಚ್ಚಿದೆ.

"ಏನ್ ವೈನಿ, ಇವತ್ತೇನ್ ಹಬ್ಬ?" ಸಾಹೇಬರು ನನ್ನನ್ನು ಕೇಳಿದರು.

ನಮ್ಮವರು ಚಹದ ಕಪ್ಪು ಕೆಳಗಿಟ್ಟರು. "ಸಾಹೇಬ್ರ, ಸ್ವಲ್ಪ ಏಳ್ರಿ."

ಹಲಗೆ ಎತ್ತಿ ತೋರಿಸಿಯೇಬಿಟ್ಟರು. ಸಾಹೇಬರು ಪೆಟ್ಟಿಗೆಗಳನ್ನೇ ನೋಡುತ್ತ ನಿಂತರು.

"ಯಾಕ್ರಿ?"

"ಬುಶ್ಶಿನ ನಮೂನಿ ಬದಲಾದ್ರ ಅಚ್ಚು ಬದಲಿ ಮಾಡಾಕ ಅರ್ಧಾ ದಿನ ಹೋಗ್ತದ್ರಿ. ಆವಾಗ ನಿಮ್ಮ ಗಾಡಿ ಬಂದು ನಿಂತ್ರ ಏನ್ ಕೊಡ್ಲಿ?"

"ಇದನ್ನ ಮೊದ್ಲ ಹೇಳೂದಲ್ಲೇನ್ರಿ? ಬಂದಾಗೊಮ್ಮೆ ಹೌದ್ರಿ ಹೌದ್ರಿ ಅಂತ ಗೋಣು ಹಾಕೀರಿ." ಸಾಹೇಬರು ನಿಂತೇ ಚಹ ಮುಗಿಸಿದರು. "ಸೋಮವಾರ ಬರ್ತೇನಿ. ಅಚ್ಚು ಹೆಂಗ ಬದಲಿ ಮಾಡ್ತೀರಿ ತೋರಸ್ರಿ."

ಬಂದರು, ಮೂರು ವಾರ, ಅಂಗಿಯ ತೋಳು ಮಡಚಿಕೊಂಡು. ನಮ್ಮಲ್ಲಿ ಅಚ್ಚನ್ನು ರಬ್ಬರು ಒತ್ತುವ ಪ್ರೆಸ್ಸಿಗೆ ಏರಿಸಿದ ಮೇಲೆ ಕಾಯಿಸುತ್ತಿದ್ದರು. ಸಾಹೇಬರು ಮೊದಲೇ ಬದಿಗೆ ಕಾಯಿಸಿಡಲು ಕಲಿಸಿದರು. ಅರ್ಧ ದಿನದ ಕೆಲಸ ಒಂದು ಗಂಟೆಗೆ ಇಳಿಯಿತು. ಪೆಟ್ಟಿಗೆಗಳು ಒಂದೊಂದಾಗಿ ಕಂಪನಿಯ ಗಾಡಿ ಹತ್ತಿದವು. ಕೊನೆಯದಕ್ಕೆ ಅತ್ತೆ ಕುಂಕುಮ ಹಚ್ಚಿ ಕಳಿಸಿದರು.

ಸಂಜೆ ಕೌದಿ ಮಡಚುತ್ತ ಇದನ್ನೆಲ್ಲ ನೆನೆಯುತ್ತಿದ್ದಾಗ, ಆಗಷ್ಟೇ ಮನೆಗೆ ಬಂದಿದ್ದ ನಮ್ಮವರಿಗೆ ಸಾಳುಂಕೆಯ ಫೋನು ಬಂತು. ನಮ್ಮ ಬುಶ್ಶಿನೊಳಗೆ ಕೂರುವ ಕಬ್ಬಿಣದ ಬಳೆ ಮಾಡಿಕೊಡುವವನು. ಬಳೆ ಕಡೆಯುವ ಲೇಥು ಯಂತ್ರ ಕೆಟ್ಟಿದೆ, ನಾಳೆ ಮಾಲು ಕೊಡಲಾಗುವುದಿಲ್ಲ ಎಂದ. ನಮ್ಮವರು ಬೈಯಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಈಗಲೇ ಬರುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ಚಪ್ಪಲಿ ಮೆಟ್ಟಿದರು.

"ಲೇಥು ಕೆಟ್ಟದ್ದು ಆವಾ ತಾನ ಹೆಂಗ ಹೇಳಿದಾ?" ನಾನು ಕೇಳಿದೆ.

"ನಮ್ಮ ದಿವಾನದ ಕಥಿ ಆವಗ ಎಂದೋ ಹೇಳೇನಿ."

ನಾನು ಇಷ್ಟು ವರ್ಷ ಬಾಯಿಬಿಡದ ಕಥೆಯನ್ನು ಇವರು ಭೋಸರಿಗೆಲ್ಲ ಹಂಚಿಕೊಂಡು ಬಂದಿದ್ದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ರಾತ್ರಿ ಎಂಟಕ್ಕೆ ಮರಳಿದರು, ಕೈಯೆಲ್ಲ ಗ್ರೀಸು. "ಲೇಥು ಸುರು ಆತು," ಅಂದರು. ಬಿಸಿ ರೊಟ್ಟಿ, ಝುಣಕ, ಮೊಸರು ಉಂಡೆವು. ನಾನು ಒಲೆ ಒರೆಸಿ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.