ರಮ್ಯಶ್ರೀ ಬೆಳೆದ ಎತ್ತರ

ಕೆ.ಆರ್. ಪುರದ ಹಳೇ ಊರಿನ ಬಡಗಿ ಆದಿನಾರಾಯಣ ಅವರ ಮಗಳು ರಮ್ಯಶ್ರೀ ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಆರಡಿ ಮೂರಿಂಚು ಇದ್ದಳು. ಮನೆಯಲ್ಲಿ ಬೇರೆ ಯಾರೂ ಎತ್ತರದವರಲ್ಲ. ಅವಳ ಮಂಚಕ್ಕೆ ಅಪ್ಪ ಆಗಲೇ ಎರಡು ಸಲ ಹಲಗೆ ಸೇರಿಸಿ ಉದ್ದ ಮಾಡಿದ್ದರು. ತಾಯಿ ವೆಂಕಟಮ್ಮ ಚೂಡಿದಾರದ ಅಂಚಿಗೆ ಬೇರೆ ಬಟ್ಟೆ ಜೋಡಿಸಿ ಹೊಲಿಯುತ್ತಿದ್ದರು. ಬಸ್ಸಿನಲ್ಲಿ ಹುಡುಗರು "ಅಕ್ಕಾ, ಮೇಲ್ಗಡೆ ಗಾಳಿ ಹೆಂಗಿದೆ?" ಎಂದು ಕೇಳುತ್ತಿದ್ದರು. ಅವಳು ಬೆನ್ನು ಬಗ್ಗಿಸಿಕೊಂಡೇ ನಡೆಯುತ್ತಿದ್ದಳು.

ಅವಳ ಅಳತೆಯ ಚಪ್ಪಲಿ ಗಂಡಸರದ್ದರಲ್ಲಿ ಮಾತ್ರ ಸಿಗುತ್ತಿತ್ತು. ಅದಕ್ಕಾಗಿ ತಾಯಿ ಮಗಳು ಶಿವಾಜಿನಗರಕ್ಕೆ ಬಂದಿದ್ದಾಗ ಅಂಗಡಿಯಲ್ಲಿ ಒಬ್ಬ ಹೆಂಗಸು ಅವಳನ್ನು ತಡೆದು ನಿಲ್ಲಿಸಿದರು. ಆಕೆ ಜಹನಾರಾ, ಬೆನ್ಸನ್ ಟೌನಿನವರು, ಹುಡುಗಿಯರ ಕ್ಲಬ್ಬೊಂದಕ್ಕೆ ಬ್ಯಾಸ್ಕೆಟ್‌ಬಾಲ್ ಕೋಚ್.

"ಆಡ್ತೀಯಾ ಬೇಟಾ?"

"ನಂಗೆ ಬರಲ್ಲ ಮೇಡಂ."

"ಹೇಳ್ಕೊಡೋಕೆ ತಾನೇ ನಾನಿರೋದು!"

ವೆಂಕಟಮ್ಮನಿಗಿದ್ದ ಚಿಂತೆ ಬೇರೆ. "ಚಡ್ಡಿ ಹಾಕ್ಲೇಬೇಕಾ?"

"ಪ್ಯಾಂಟೇ ಹಾಕ್ಲಿ ಬಿಡಿ ಅಮ್ಮಾ. ಕಳಿಸಿ ಸಾಕು."

ರಮ್ಯಶ್ರೀಗೆ ವೇಗವಿರಲಿಲ್ಲ. ಆದರೆ ಬುಟ್ಟಿಯ ಕೆಳಗೆ ನಿಂತರೆ ಅವಳು ನೆಗೆಯಬೇಕಾಗಿಯೇ ಇರಲಿಲ್ಲ. ಕೈ ಎತ್ತಿದರೆ ಚೆಂಡು ಅವಳದ್ದು. ಎದುರಾಳಿಗಳು ಅವಳೊಬ್ಬಳ ಮೇಲೆ ಇಬ್ಬರನ್ನು ಬಿಡತೊಡಗಿದರು. ಅಂಗಳದಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿ ನಿಲ್ಲುವುದನ್ನು ಕಲಿತಳು. ರಾಜ್ಯ ತಂಡದ ಆಯ್ಕೆಯಲ್ಲಿ ಗೆದ್ದರೆ ಕಾರ್ಖಾನೆಯೊಂದರ ತಂಡದಲ್ಲಿ ಕೆಲಸವೂ ಸಿಗುತ್ತದೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಆಸೆ ಹುಟ್ಟಿಸಿದ್ದರು.

ಅಷ್ಟರಲ್ಲಿ ಪಕ್ಕದಿಂದ ಬಂದ ಚೆಂಡುಗಳು ಅವಳ ಕೈ ತಪ್ಪತೊಡಗಿದವು. ಜೊತೆಯ ಆಟಗಾರ್ತಿ ಅಂಬ್ರೀನ್ ಎಸೆದ ಚೆಂಡು ಒಮ್ಮೆ ನೇರ ಅವಳ ಕಿವಿಗೆ ಬಡಿಯಿತು.

"ಎಲ್ಲಿ ನೋಡ್ತಿದೀಯಾ ಮಗಾ?"

ಸೋಮಾರಿತನ ಎಂದರು ಕಾರ್ಯದರ್ಶಿ. ಜಹನಾರಾ ಅದನ್ನು ಒಪ್ಪಲಿಲ್ಲ. ಕೆಲವು ಸಂಜೆ ಅವಳ ಆಟವನ್ನೇ ಗಮನಿಸಿದರು. ಆಮೇಲೆ ಅವಳನ್ನು ಬೆಂಚಿನ ಮೇಲೆ ಕೂರಿಸಿ, "ನನ್ನ ಮೂಗನ್ನೇ ನೋಡು, ಬೆರಳು ಕಂಡಾಗ ಹೇಳು" ಎಂದು ಎರಡೂ ಕಡೆಯಿಂದ ಬೆರಳುಗಳನ್ನು ತಂದರು. ಬೆರಳು ಅವಳ ಕೆನ್ನೆಯನ್ನು ದಾಟಿ ಮುಂದೆ ಬರುವವರೆಗೂ ಅವಳು ಬಾಯಿ ಬಿಡಲಿಲ್ಲ.

"ಯಾವಾಗ್ಲಿಂದ ಹಿಂಗೆ?"

"ಎಲ್ರಿಗೂ ಹಿಂಗೇ ಕಾಣೋದು ಅಂದ್ಕೊಂಡಿದ್ದೆ ಮೇಡಂ."

ಮರುದಿನ ಕಣ್ಣಿನ ಡಾಕ್ಟರು, ಆಮೇಲೆ ಸ್ಕ್ಯಾನು. ಮಿದುಳಿನ ಬುಡದಲ್ಲಿರುವ ಪುಟ್ಟ ಗ್ರಂಥಿಯಲ್ಲಿ ಗಡ್ಡೆ ಬೆಳೆದಿತ್ತು. ಅವಳನ್ನು ಇಷ್ಟೆತ್ತರ ಬೆಳೆಸಿದ್ದು ಅದೇ. ಈಗ ಕಣ್ಣಿನ ನರವನ್ನು ಒತ್ತುತ್ತಿದ್ದುದೂ ಅದೇ. ತಡಮಾಡಿದರೆ ದೃಷ್ಟಿ ಪೂರ್ತಿ ಹೋಗಬಹುದು, ಮೂಗಿನ ಮೂಲಕವೇ ಆಪರೇಷನ್ ಮಾಡಬಹುದು ಎಂದರು ಡಾಕ್ಟರು.

"ಸೆಲೆಕ್ಷನ್ ಮುಗಿದ್ಮೇಲೆ ಮಾಡಿಸಿದ್ರಾಯ್ತು. ಇಷ್ಟು ವರ್ಷ ಇದ್ದಿದ್ದು ಇನ್ನೊಂದು ತಿಂಗ್ಳು ಇರಲ್ವಾ?" ಎಂದು ಕಾರ್ಯದರ್ಶಿ ಕೇಳಿದರು.

"ನೀವು ಬೇಕಾದ್ರೆ ಆಡ್ಸಿ. ಹಾಗಾದ್ರೆ ನಾನಿರಲ್ಲ," ಎಂದರು ಜಹನಾರಾ.

ರಮ್ಯಶ್ರೀಗೆ ಕೋಪ ಬಂದಿದ್ದು ಜಹನಾರಾ ಮೇಲೆಯೇ. ಅವರು ಮನೆಗೆ ಬಂದರೆ ಒಳಗೆ ಹೋಗಿ ಮಲಗುತ್ತಿದ್ದಳು. ಆಪರೇಷನ್ನಿನ ಹಿಂದಿನ ದಿನ ಡಾಕ್ಟರನ್ನು ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಆಮೇಲೆ ಗಿಡ್ಡ ಆಗ್ಬಿಡ್ತೀನಾ?"

"ಇಲ್ಲಮ್ಮ, ಬೆಳೆಯೋದು ನಿಲ್ಲುತ್ತೆ, ಅಷ್ಟೇ."

ಆ ರಾತ್ರಿ ಅವಳಿಗೆ ನಿದ್ದೆ ಬಂತು.

ಆರಡಿ ಐದಿಂಚಿಗೆ ಬೆಳವಣಿಗೆ ನಿಂತಿತು. ಬಲಗಣ್ಣು ಸರಿಹೋಯಿತು, ಎಡಗಣ್ಣಿನ ಹೊರ ಅಂಚು ಮಾತ್ರ ಮಸುಕಾಗಿಯೇ ಉಳಿಯಿತು. ಎತ್ತರದ ಭಾರಕ್ಕೆ ಮಂಡಿನೋವು ಶುರುವಾಯಿತು. ಒಂದೆರಡು ವರ್ಷ ಪಂದ್ಯದ ಕೊನೆಯ ಕೆಲವು ನಿಮಿಷ ಆಡಿದಳು. ಕಾರ್ಖಾನೆಯವರು ತೆಗೆದುಕೊಳ್ಳಲಿಲ್ಲ.

ಮದುವೆಮನೆಗಳಿಗೆ ಅಲಂಕಾರ ಮಾಡಿಸುವ ವಕಾರ್ ಎಂಬವನು ಒಮ್ಮೆ ಅವಳಿಗೆ ರಾಣಿಯ ವೇಷ ಹಾಕಿಸಿ ಬಾಗಿಲಲ್ಲಿ ನಿಲ್ಲಿಸಿದ. ಬಂದವರೆಲ್ಲ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಮತ್ತೆ ಕರೆದಾಗ ಅವಳು ಕುರ್ಚಿ ಕೇಳಿದಳು.

"ಕೂತ್ಕೊಂಡ್ರೆ ನಿಮ್ಮ ಹೈಟ್ ಎಲ್ಲಿ ಕಾಣುತ್ತೆ ಅಕ್ಕಾ?"

"ನಿಂತ್ರೆ ಮಂಡಿ ನೋಯುತ್ತೆ. ಬೇರೆಯವ್ರನ್ನ ನೋಡ್ಕೋ."

ಕ್ಲಬ್ ಬಿಟ್ಟಿದ್ದ ಜಹನಾರಾಗೆ ಅವಳು ಫೋನ್ ಮಾಡಿದ್ದು ಅದಾದ ಮೇಲೆ. ಬಹಳ ದಿನಗಳ ಮಾತು ಬಾಕಿ ಇತ್ತು. ಆದರೂ ಅವರು ಹೇಳಿದ್ದು ಇಷ್ಟೇ: "ದೊಮ್ಮಲೂರಲ್ಲಿ ಚಿಕ್ಕ ಮಕ್ಳಿಗೆ ಹೇಳ್ಕೊಡ್ತಿದೀನಿ. ನನಗೂ ವಯಸ್ಸಾಯ್ತು. ನಾಳೆಯಿಂದ ಬಾ."

ಈಗ ಆ ಬೆಳಗಿನ ತರಗತಿಯನ್ನು ನಡೆಸುವುದು ರಮ್ಯಶ್ರೀಯೇ. ಈಚೆಗೆ ಒಬ್ಬ ತಾಯಿ ಮಗಳನ್ನು ಕರೆತಂದು, "ಮೇಡಂ, ನೀವು ಏನು ತಿಂದು ಇಷ್ಟು ಎತ್ತರ ಆದ್ರಿ? ಇವಳು ಬೆಳೀತಾನೇ ಇಲ್ಲ," ಎಂದರು.

"ತಿಂದು ಅಲ್ಲಮ್ಮಾ, ಕಾಯಿಲೆಯಿಂದ."

ತಾಯಿ ಪೆಚ್ಚಾದರು. ಆಮೇಲೆ, "ಹಾಗಾದ್ರೆ ಹೀಗೇ ಇರ್ಲಿ ಬಿಡಿ," ಎಂದರು. ರಮ್ಯಶ್ರೀ ನಕ್ಕುಬಿಟ್ಟಳು. ಹುಡುಗಿ ಗಿಡ್ಡಗಿದ್ದರೂ ಕಾಲು ಚುರುಕಾಗಿತ್ತು. ರಮ್ಯಶ್ರೀ ಅವಳನ್ನು ಅವತ್ತೇ ಆಟಕ್ಕೆ ಸೇರಿಸಿಕೊಂಡಳು.