ಮೀಟರಣ್ಣನ ಬೆರಳು

“ಕಂಪ್ಯೂಟರ್ ತೋರಿಸೋ ಅಂಕಿ ನೋಡಿ ಹೆದರಬಾರದು. ಹಾಗಂತ ನಕ್ಕು ತಳ್ಳಿಹಾಕಲೂಬಾರದು. ಅದು ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಬಂದು ಒಪ್ಪಿಸಿದ ಹಾಗೆ. ಒಳಗೆ ಬೋರ್ಡಿನ ಮೇಲೆ ಉಗುರಿನಷ್ಟು ಒಂದು ಚಿಪ್ ಇರುತ್ತೆ. ಕರೆಂಟು ಎಷ್ಟು ವೋಲ್ಟು ಬಂತು, ಬಿಸಿ ಎಷ್ಟಾಯ್ತು ಅಂತ ಅದು ತನ್ನ ಭಾಷೆಯಲ್ಲಿ ಹೇಳುತ್ತೆ. ಅದನ್ನ ನಮ್ಮ ಭಾಷೆಗೆ ತಂದು ಬರೆಯೋದು ಸಾಫ್ಟ್‌ವೇರು. ಆ ಚಿಪ್ಪಿನ ಮಾತು ಇದಕ್ಕೆ ತಿಳೀದೇ ಹೋದ್ರೆ, ಹನ್ನೆರಡು ಅನ್ನೋದನ್ನ ಎಂಟು ಅಂತ ಬರೆದು ಕೂತ್ಕೊಳ್ಳುತ್ತೆ. ಅದಕ್ಕೇ ನಾನು ಇಬ್ಬರನ್ನ ಮಾತ್ರ ನಂಬೋದು. ಕರೆಂಟಿಗೆ ನನ್ನ ಮೀಟರು, ಬಿಸಿಗೆ ನನ್ನ ಬೆರಳು. ಬೆರಳಿಟ್ಟು ಮನಸ್ಸಲ್ಲೇ ಎಣಿಸ್ತೀನಿ. ಒಂದಕ್ಕೇ ಕೈ ಕಿತ್ಕೊಂಡ್ರೆ ಎಪ್ಪತ್ತು ಡಿಗ್ರಿ ದಾಟಿದೆ ಅಂತ. ಮೂರಕ್ಕೆ ಕಿತ್ಕೊಂಡ್ರೆ ಅರವತ್ತರ ಆಸುಪಾಸು. ಐದರ ತನಕ ಆರಾಮಾಗಿ ನಿಂತ್ರೆ ಆ ಮಿಷನ್ನಿಗೆ ಜ್ವರ ಇಲ್ಲ, ಮನೆಗೆ ಕರ್ಕೊಂಡು ಹೋಗಿ.”

ಕೇಳಲಿ ಬಿಡಲಿ, ರಿಪೇರಿ ಅಂಗಡಿಗೆ ಬಂದವರಿಗೆಲ್ಲ ಮೀಟರಣ್ಣ ಇದನ್ನು ಒಂದು ಸಲವಾದರೂ ಹೇಳಿಯೇ ಕಳಿಸುತ್ತಿದ್ದ. ಅವನ ಹೆಂಡತಿಗೆ ಅದು ಬಾಯಿಪಾಠವಾಗಿ ಹೋಗಿತ್ತು. ಅವನು ‘ಇಬ್ಬರನ್ನ ಮಾತ್ರ’ ಅನ್ನುವಾಗ ಅವಳು ಸ್ಕ್ರೂ ವಿಂಗಡಿಸುತ್ತಿದ್ದ ಕೈ ನಿಲ್ಲಿಸದೆ, “ಮೂರನೆಯವಳು ನಾನು ಇಲ್ಲಿ ಲೆಕ್ಕಕ್ಕಿಲ್ಲ” ಅನ್ನುತ್ತಿದ್ದಳು. ಬಂದವರು ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಲೆಕ್ಕ ತಿದ್ದುತ್ತಿರಲಿಲ್ಲ.

ಅಂಗಡಿ ಅಂದರೆ ಬೀದಿಗೆ ಬಾಗಿಲಿದ್ದ ಅವರ ಮನೆಯ ಮುಂದಿನ ಕೋಣೆ. ಗೋಡೆಯುದ್ದಕ್ಕೂ ಒಂದು ಮೇಜು, ಅದರ ಮೇಲೆ ಕತ್ತು ಬಗ್ಗಿಸಿದ ದೀಪ, ಮೊಳೆಗಳಿಗೆ ನೇತುಬಿದ್ದ ವೈರುಗಳು. ಹಿಂದಿನ ಬಾಗಿಲು ದಾಟಿದರೆ ಅಡುಗೆಮನೆ. ಮೊದಲು ಆ ಮೇಜಿನ ಮೇಲೆ ರೇಡಿಯೋಗಳು ಬಿಚ್ಚಿಕೊಂಡು ಮಲಗುತ್ತಿದ್ದವು. ಆಮೇಲೆ ಟೀವಿ ಬಂತು, ಅದರ ಹಿಂದೆಯೇ ಕಂಪ್ಯೂಟರು ಬಂತು. ಪೆಟ್ಟಿಗೆಗಳು ಬದಲಾದವು, ಕೆಂಪುಕಡ್ಡಿ ಕಪ್ಪುಕಡ್ಡಿಯ ಆ ಹಳದಿ ಮೀಟರು ಮಾತ್ರ ಬದಲಾಗಲಿಲ್ಲ. ಬೀದಿಯವರು ಅವನ ಹೆಸರು ಮರೆತು ಮೀಟರಣ್ಣ ಅಂದರು. ಮಕ್ಕಳ ಮೈ ಬೆಚ್ಚಗಾದರೆ ತಾಯಂದಿರು ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲೇ ಮಗುವನ್ನು ಬಾಗಿಲಲ್ಲಿ ಇಳಿಸಿ, “ಸ್ವಲ್ಪ ಹಣೆ ಮುಟ್ಟಿ ನೋಡಿ ಮೀಟರಣ್ಣ” ಅನ್ನುತ್ತಿದ್ದರು. ಅವನು ಬೆರಳ ಬೆನ್ನಿಟ್ಟು, ಒಂದು ಪಾಯಿಂಟೂ ತಪ್ಪದ ಹಾಗೆ ಜ್ವರ ಹೇಳುತ್ತಿದ್ದ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಯಾವ ಮಗುವಿನ ಹಣೆಯಿಂದಲೂ ಅವನು ಕೈಯನ್ನು ಸ್ವಲ್ಪ ತಡವಾಗಿಯೇ ತೆಗೆಯುತ್ತಿದ್ದ. ಹೆಂಡತಿ ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದಳು.

ಒಂದು ಬೆಳಿಗ್ಗೆ ಹಿಂದಿನ ಬೀದಿಯ ನರ್ಸಮ್ಮ ಡ್ಯೂಟಿ ಮುಗಿಸಿದ ಬಟ್ಟೆಯಲ್ಲೇ ಬಂದಳು. ಕಂಕುಳಲ್ಲಿ ಬೆಡ್‌ಶೀಟು ಸುತ್ತಿದ ಕಂಪ್ಯೂಟರಿನ ಪೆಟ್ಟಿಗೆ.

“ಮೀಟರಣ್ಣ, ಇದರಲ್ಲಿ ಏನೋ ಕೆಟ್ಟಿದೆ. ಹನ್ನೆರಡು ಇರಬೇಕಾದ ಕಡೆ ಏಳೂ ಮುಕ್ಕಾಲು ವೋಲ್ಟು ತೋರಿಸ್ತಿದೆ. ಬಿಸಿ ತೊಂಬತ್ತನಾಲ್ಕು ಅಂತೆ. ನಮ್ಮಪ್ಪ ಹೆದರಿ ಎರಡು ದಿನದಿಂದ ಮುಟ್ಟಿಲ್ಲ.”

ಅವಳಪ್ಪ ಬಸ್ಸಿನ ಕಂಡಕ್ಟರಾಗಿದ್ದವರು. ಮೂವತ್ತೈದು ವರ್ಷ ಬಾಯಿ ಮುಚ್ಚದೆ ಮಾತಾಡಿದ ಮನುಷ್ಯ. ಹೋದ ವರ್ಷ ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಈಗ ಅವರು ಎಡಗೈಯ ಒಂದೇ ಬೆರಳಲ್ಲಿ ಅಕ್ಷರ ಕುಟ್ಟುತ್ತಾರೆ, ಪರದೆಯ ಮೇಲೆ ಅಂಗೈಯಗಲದ ಅಕ್ಷರ ಮೂಡುತ್ತದೆ. ಹಸಿವು, ನೀರು, ಕೋಪ, ತಮಾಷೆ ಎಲ್ಲವೂ ಅದರಲ್ಲೇ.

“ಅಂದ್ರೆ ಇದು ಕಂಪ್ಯೂಟರಲ್ಲ, ಅಪ್ಪನ ಬಾಯಿ” ಅಂದ ಮೀಟರಣ್ಣ. “ಕೂತ್ಕೋ ತಂಗಿ. ಇವಳೇ, ಒಂದು ಲೋಟ ಟೀ ಕೊಡು.”

ಪಕ್ಕದ ತಗಡು ಬಿಚ್ಚಿದ. ಓಡುತ್ತಿರುವಾಗಲೇ ಕಪ್ಪುಕಡ್ಡಿಯನ್ನು ಕಪ್ಪು ವೈರಿನ ಬುಡಕ್ಕೂ ಕೆಂಪುಕಡ್ಡಿಯನ್ನು ಹಳದಿ ವೈರಿನ ಬುಡಕ್ಕೂ ತೂರಿಸಿದ. ಮೀಟರಿನಲ್ಲಿ ಹನ್ನೆರಡು ಪಾಯಿಂಟ್ ಒಂದು.

“ನೋಡು. ನಿಜಕ್ಕೂ ಏಳೂ ಮುಕ್ಕಾಲೇ ಆಗಿದ್ರೆ ಇದು ಉಸಿರೇ ಎತ್ತುತ್ತಿರಲಿಲ್ಲ. ಕರೆಂಟು ಸರಿಯಾಗಿದೆ, ಸಾಫ್ಟ್‌ವೇರು ಸುಳ್ಳು ಹೇಳ್ತಿದೆ.”

ಆಮೇಲೆ ಬಿಸಿ. ಮಿಷನ್ನಿನ ಮೆದುಳಿನ ಮೇಲೆ ಅಲ್ಯೂಮಿನಿಯಂ ತಗಡುಗಳ ಒಂದು ಗೂಡು ಇರುತ್ತದೆ, ಅದರ ನೆತ್ತಿಯ ಮೇಲೆ ಫ್ಯಾನು. ಫ್ಯಾನು ತಿರುಗುತ್ತಿತ್ತು. ಅವನು ತಗಡುಗಳ ಪಕ್ಕಕ್ಕೆ ತೋರುಬೆರಳಿಟ್ಟ. ತುಟಿ ಅಲ್ಲಾಡಿತು. ಒಂದು, ಎರಡು, ಮೂರು, ನಾಲ್ಕು, ಐದು.

“ಉಗುರುಬೆಚ್ಚಗಿದೆ, ಅಷ್ಟೇ. ಕರೆಂಟಿನ ವಿಷಯದಲ್ಲಿ ಸುಳ್ಳು ಹೇಳಿದ್ದು ಬಿಸಿ ವಿಷಯದಲ್ಲಿ ನಿಜ ಹೇಳುತ್ತಾ? ಅಪ್ಪನಿಗೆ ಹೇಳು, ಅಂಕಿ ಬರೋ ಆ ಕಿಟಕಿ ಮುಚ್ಚಿಬಿಟ್ಟು ಬೈಯ್ಯೋರನ್ನೆಲ್ಲ ಬೈಯ್ಯಲಿ.”

ನರ್ಸಮ್ಮನ ಮುಖ ಅರಳಿತು.

ಸಂಜೆ ಹೆಂಡತಿ ಅವನ ಕೈಗೆ ಟವೆಲು ಕೊಡುವಾಗ ತೋರುಬೆರಳ ತುದಿಯಲ್ಲಿ ನೀರು ತುಂಬಿದ ಬೊಬ್ಬೆ ಕಂಡಿತು.

“ಇದೇನ್ರೀ?”

ಅವನೂ ಅದನ್ನು ಆಗಷ್ಟೇ ಕಂಡವನ ಹಾಗೆ ನೋಡಿದ. “ಎಲ್ಲೋ ಸಾಲ್ಡರ್ ಕಡ್ಡಿ ತಾಗಿರಬೇಕು.”

“ತಾಗಿರಬೇಕು ಅಂದ್ರೆ? ಸುಟ್ಟಿದ್ದು ಗೊತ್ತಾಗಲಿಲ್ವಾ?”

“ಕೆಲಸದ ಧ್ಯಾನದಲ್ಲಿದ್ದೆ ಬಿಡೇ.”

ಅವಳು ಬಿಟ್ಟಳು. ಆದರೆ ಸೌಟು ಆಡಿಸುತ್ತಾ ನಿಂತವಳಿಗೆ ಒಂದೊಂದೇ ನೆನಪಿಗೆ ಬಂದವು. ಇತ್ತೀಚೆಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೆ ಅವನು ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ಸಣ್ಣ ಸ್ಕ್ರೂ ಕೈಯಿಂದ ಜಾರಿದರೆ ಜಾರಿದ್ದೇ ತಿಳಿಯುತ್ತಿರಲಿಲ್ಲ, ನೆಲಕ್ಕೆ ಬಿದ್ದ ಸದ್ದು ಕೇಳಿದ ಮೇಲೆ ಬಗ್ಗುತ್ತಿದ್ದ. ಇನ್ನೊಂದು ಮಾತು: ಆವತ್ತು ಇಡೀ ದಿನ ಬೆಸುಗೆ ಹಾಕುವ ಆ ಸಾಲ್ಡರ್ ಕಡ್ಡಿ ಪ್ಲಗ್ಗಿಗೇ ಹೋಗಿರಲಿಲ್ಲ. ಅದನ್ನು ಹೇಳಲು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಉಪ್ಪು ಸರಿಯಾಗಿದೆಯೇ ಅಂತ ಕೇಳಿದಳು.

ಮೂರನೇ ದಿನ ನರ್ಸಮ್ಮ ಅದೇ ಬೆಡ್‌ಶೀಟು ಸುತ್ತಿಕೊಂಡು ಬಂದಳು. ಈ ಸಲ ಮುಖ ಅರಳಿರಲಿಲ್ಲ.

“ಅಪ್ಪ ಏನೋ ಬರೀತಾ ಇದ್ರು, ಅರ್ಧ ಮಾತಿಗೆ ಆರಿಹೋಯ್ತು. ಮತ್ತೆ ಹಾಕಿದ್ರೆ ಹತ್ತು ನಿಮಿಷಕ್ಕೆ ಮತ್ತೆ ಆರುತ್ತೆ. ಅರ್ಧ ಮಾತಲ್ಲಿ ನಿಂತೋದಾಗ ಅವರು ನನ್ನ ಮುಖ ನೋಡಿದ ರೀತಿ, ಅಣ್ಣ, ಲಕ್ವ ಹೊಡೆದ ದಿನ ನೋಡಿದ ಹಾಗೇ ಇತ್ತು.”

ಮೀಟರಣ್ಣ ಪೆಟ್ಟಿಗೆಯನ್ನು ಮೇಜಿಗೆ ಎಳೆದುಕೊಂಡ. ತಗಡು ಬಿಚ್ಚಿ ಮಿಷನ್ ಓಡಿಸಿದ. ಮೀಟರು ಹಿಡಿದ, ಕರೆಂಟು ಹನ್ನೆರಡು ಪಾಯಿಂಟ್ ಒಂದೇ. ಐದು ನಿಮಿಷ ಬಿಟ್ಟು ಅಲ್ಯೂಮಿನಿಯಂ ಗೂಡಿಗೆ ಈ ಸಲ ನಡುಬೆರಳಿಟ್ಟ. ಐದು ಎಣಿಸಿದ. ಎಂಟು ಎಣಿಸಿದ. “ತಣ್ಣಗೇ ಇದೆಯಲ್ಲಾ ಇದು” ಅಂದ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಹೆಂಡತಿ ಸ್ಕ್ರೂ ಡಬ್ಬಿ ಕೆಳಗಿಟ್ಟು ಎದ್ದಳು. ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಅದೇ ಜಾಗಕ್ಕೆ ತನ್ನ ಬೆರಳಿಟ್ಟಳು. ಒಂದು ಎಣಿಸುವಷ್ಟು ಹೊತ್ತೂ ನಿಲ್ಲಲಿಲ್ಲ ಅದು. ಬೆರಳನ್ನು ಬಾಯಿಗಿಟ್ಟುಕೊಂಡು ಗಂಡನ ಮುಖ ನೋಡಿದಳು. ಅವನು ಹೆಂಡತಿಯ ಬಾಯಲ್ಲಿದ್ದ ಬೆರಳನ್ನೂ, ತನ್ನ ಬೆರಳ ತುದಿ ಕೆಂಪಗಾಗಿ ಉಬ್ಬುತ್ತಿರುವುದನ್ನೂ ನೋಡಿದ.

ನರ್ಸಮ್ಮ ಸ್ವಿಚ್ಚು ಆರಿಸಿ ಅವನ ಕೈ ಹಿಡಿದುಕೊಂಡಳು. “ಅತ್ತಿಗೆ, ಸ್ವಲ್ಪ ಹತ್ತಿ ಕೊಡಿ.” ಹತ್ತಿಯನ್ನು ಎಳೆಯಾಗಿ ಹೊಸೆದಳು. “ಅಣ್ಣ, ಕಣ್ಣು ಮುಚ್ಕೊಳ್ಳಿ. ನಾನು ಮುಟ್ಟಿದಾಗಲೆಲ್ಲ ಹೂಂ ಅನ್ನಿ.”

ಅವನು ಕಣ್ಣು ಮುಚ್ಚಿ ಕೂತ. ನರ್ಸಮ್ಮ ಹೆಬ್ಬೆರಳಿಗೆ ಮುಟ್ಟಿಸಿದಳು, ತೋರುಬೆರಳಿಗೆ, ನಡುಬೆರಳಿಗೆ. ಐದೂ ಬೆರಳು ಮುಗಿಸಿ, ಇನ್ನೊಂದು ಕೈಯದನ್ನೂ ಮುಗಿಸಿ ಹತ್ತಿಯನ್ನು ಮೇಜಿನ ಮೇಲಿಟ್ಟಳು.

“ಎಲ್ಲಿ, ಶುರು ಮಾಡಮ್ಮ” ಅಂದ ಮೀಟರಣ್ಣ, ಕಣ್ಣು ಮುಚ್ಚಿಕೊಂಡೇ.

ಹೆಂಡತಿ ಮುಂದಕ್ಕೆ ಬಗ್ಗಿದಳು. ಅವಳು ಅವನ ಮೊಣಕೈ ಮೇಲೆ ಕೈಯಿಟ್ಟಳು. ಅದು ತಿಳಿಯಿತು ಅವನಿಗೆ, ಕಣ್ಣು ತೆರೆದ.

“ಸಕ್ಕರೆ ಕಾಯಿಲೆ ಇರಬಹುದು. ನರದ ತುದಿ ಜೋಮು ಹಿಡಿದಿದೆ. ನಾಳೇನೇ ಆಸ್ಪತ್ರೆಗೆ ಬನ್ನಿ, ರಕ್ತ ನೋಡೋಣ” ಅಂದಳು ನರ್ಸಮ್ಮ.

“ಬರುತ್ತಾ ವಾಪಸ್ಸು?”

“ಹೋದದ್ದು ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ ಅಣ್ಣ. ಇರೋದನ್ನ ಉಳಿಸ್ಕೋಬಹುದು.”

ಅವನು ಬಹಳ ಹೊತ್ತು ತನ್ನ ಎರಡು ಕೈಯನ್ನೂ ಯಾರೋ ರಿಪೇರಿಗೆ ಕೊಟ್ಟುಹೋದ ವಸ್ತುವಿನ ಹಾಗೆ ಮೇಜಿನ ಮೇಲಿಟ್ಟು ನೋಡಿದ. “ಎಷ್ಟು ತಿಂಗಳಿಂದ ಎಷ್ಟು ಮಿಷನ್ನಿಗೆ ಜ್ವರ ಇಲ್ಲ ಅಂದಿದ್ದೀನೋ. ಮೊನ್ನೆ ಎದುರುಮನೆ ಮಗೂಗೂ ಅಂದೆ. ನಿಮ್ಮಪ್ಪನ ಬಾಯಿ ಮುಚ್ಚಿಸಿದ್ದೂ ನಾನೇ. ಇನ್ನು ಈ ಬಾಗಿಲು ಹಾಕಿಬಿಡೋದೇ ಸರಿ.”

“ಎದುರುಮನೆ ಮಗು ಬೆಳಿಗ್ಗೆ ನನ್ನ ಬಕೆಟ್ಟು ಉರುಳಿಸಿ ಓಡಿಹೋಯ್ತು, ಅದಕ್ಕೇನೂ ಆಗಿಲ್ಲ” ಅಂದಳು ಹೆಂಡತಿ. “ಮೀಟರಿನ ಸೆಲ್ಲು ಇಳಿದಾಗ ಅದೂ ಸುಳ್ಳು ಹೇಳುತ್ತೆ ಅಂತ ನೀವೇ ಹೇಳಿದ್ದು. ಆಗ ಮೀಟರು ಎಸೆದ್ರಾ?”

“ಸೆಲ್ಲು ಬದಲಾಯಿಸಿದೆ.”

“ಹೂಂ. ಮತ್ತೆ?”

ಅವಳು ತನ್ನ ಬಲಗೈಯನ್ನು ದೀಪದ ಬೆಳಕಿಗೆ ಹಿಡಿದಳು. ಬೆರಳತುದಿ ಕೆಂಪಗಿತ್ತು. “ಈ ಬೆರಳು ಇನ್ನೂ ಚೆನ್ನಾಗೇ ಕೆಲಸ ಮಾಡುತ್ತೆ. ಮೂವತ್ತು ವರ್ಷದಿಂದ ನಿಮ್ಮ ಪಾಠ ಕೇಳಿದ್ದು ದಂಡ ಆಗೋದು ಬೇಡ. ಬಿಚ್ಚಿ, ಏನು ಬಿಚ್ಚಬೇಕೋ ಬಿಚ್ಚಿ.”

ಅವನು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡ. ಮೊದಲ ಎರಡು ಸ್ಕ್ರೂ ಜಾರಿದವು. ಅವಳು ಅಂಗೈ ಒಡ್ಡಿ ಕೂತು ಮೂರನೆಯದನ್ನು ಹಿಡಿದಳು. ಫ್ಯಾನು ಎತ್ತಿದಾಗ ಗೊತ್ತಾಯಿತು. ಮೇಲಿಂದ ನೋಡಿದರೆ ಚೊಕ್ಕಟ, ಅಡಿಯಲ್ಲಿ, ಫ್ಯಾನಿಗೂ ತಗಡುಗಳಿಗೂ ನಡುವೆ, ಕಂಬಳಿಯ ತುಂಡು ಹಾಸಿದ ಹಾಗೆ ಧೂಳು. ಗಾಳಿ ಒಳಗೆ ಇಳಿಯುವುದಕ್ಕೇ ದಾರಿ ಇರಲಿಲ್ಲ. ಬೆರಳು ನೆಟ್ಟಗಿದ್ದ ಕಾಲದಲ್ಲಾಗಿದ್ದರೆ ಮೊದಲ ದಿನವೇ ಕೈ ಕಿತ್ತುಕೊಂಡು ಮೊದಲು ಫ್ಯಾನನ್ನೇ ಎತ್ತುತ್ತಿದ್ದ.

“ಪಾಪ, ತೊಂಬತ್ತನಾಲ್ಕು ಅಂತ ನಿಜಾನೇ ಹೇಳ್ತಿತ್ತು” ಅಂದ, ಮಿಷನ್ನಿನ ಮುಂದೆ ತಪ್ಪೊಪ್ಪಿಕೊಳ್ಳುವವನ ಹಾಗೆ.

ಬ್ರಷ್ಷಿನಿಂದ ಗೂಡು ಗುಡಿಸಿದ. ಬಿಸಿಯನ್ನು ಗೂಡಿಗೆ ದಾಟಿಸುವ ಹಳೇ ಪೇಸ್ಟು ಒಣಗಿ ಚಕ್ಕೆಯಾಗಿತ್ತು, ಅದನ್ನು ಒರೆಸಿ ಹೊಸದು ಹಚ್ಚಿದ. ಮತ್ತೆ ಜೋಡಿಸಿ ಅರ್ಧ ಗಂಟೆ ಓಡಿಸಿದರು. ಪರದೆಯಲ್ಲಿ ನಲವತ್ತೇಳು. ಅವನು ಅದನ್ನು ಓದಿ ಹೆಂಡತಿಯ ಕಡೆ ತಿರುಗಿದ.

“ನೀನು ಮುಟ್ಟಿ ನೋಡು.”

ಅವಳು ಬೆರಳಿಟ್ಟು ಗಟ್ಟಿಯಾಗಿ ಎಣಿಸಿದಳು. ಐದು ಮುಗಿಸಿ, ಇರಲಿ ಅಂತ ಆರನ್ನೂ ಸೇರಿಸಿದಳು. ಕರೆಂಟಿನ ಅಂಕಿ ಮಾತ್ರ ಏಳೂ ಮುಕ್ಕಾಲಿಗೇ ಅಂಟಿಕೊಂಡಿತ್ತು. ಅದಕ್ಕೆ ಅವನು ಒಂದು ಚೀಟಿ ಬರೆದು ಪೆಟ್ಟಿಗೆಗೆ ಅಂಟಿಸಿದ: ‘ಕರೆಂಟಿನ ಅಂಕಿ ಸುಳ್ಳು. ಬಿಸಿಯ ಅಂಕಿ ನಿಜ. ಎಂಬತ್ತು ದಾಟಿದರೆ ತನ್ನಿ.’

ಪೆಟ್ಟಿಗೆಯನ್ನು ಗಂಡ ಹೆಂಡತಿಯೇ ನರ್ಸಮ್ಮನ ಮನೆಗೆ ಹೊತ್ತುಕೊಂಡು ಹೋಗಿ ಜೋಡಿಸಿದರು. ಕಂಡಕ್ಟರರು ದಿಂಬಿಗೆ ಒರಗಿ ಕೂತಿದ್ದರು. ಮಗಳು ಎಲ್ಲವನ್ನೂ ಹೇಳಿದ್ದಳೇನೋ, ಮೀಟರಣ್ಣನ ಬೆರಳಿಗೆ ಅವಳು ಕಟ್ಟಿದ್ದ ಬ್ಯಾಂಡೇಜನ್ನೇ ನೋಡಿದರು. ಆಮೇಲೆ ಎಡಗೈಯ ಒಂದು ಬೆರಳಲ್ಲಿ ಕುಟ್ಟತೊಡಗಿದರು. ಯಾರೂ ಅವಸರ ಮಾಡಲಿಲ್ಲ. ಅಂಗೈಯಗಲದ ಅಕ್ಷರಗಳು ಸಾಲಾಗಿ ನಿಂತವು.

‘ನನಗೂ ಒಂದೇ ಬೆರಳು. ಬಂಡಿ ನಿಂತಿಲ್ಲ.’

ಸ್ವಲ್ಪ ತಡೆದು ಇನ್ನೊಂದು ಸಾಲು ಬಂತು.

‘ರೈಟ್ ರೈಟ್.’

ಮೀಟರಣ್ಣ ಜೋರಾಗಿ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ, ಅದಕ್ಕೆ ಬ್ಯಾಂಡೇಜು ಒದ್ದೆಯಾಯಿತು.

ಮಾರನೆಯ ದಿನ ಅವನು ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟ. ನರ್ಸಮ್ಮ ಹೇಳಿದ್ದೇ ಸರಿಯಾಗಿತ್ತು. ಮಾತ್ರೆ ಬಂತು, ಬಾಗಿಲ ಬಳಿಯ ಸಕ್ಕರೆ ಡಬ್ಬಿ ಮೇಲಿನ ಅಟ್ಟಕ್ಕೆ ಹೋಯಿತು. ಮುಂದಿನ ದಿನಗಳಲ್ಲಿ ಅಂಗಡಿಗೆ ಬಂದವರು ಅದೇ ಪಾಠ ಕೇಳಿದರು, ಒಂದು ಮಾತು ಮಾತ್ರ ಬದಲಾಗಿತ್ತು. “ಕರೆಂಟಿಗೆ ನನ್ನ ಮೀಟರು, ಬಿಸಿಗೆ ಇವಳ ಬೆರಳು” ಅನ್ನುತ್ತಿದ್ದ. ಅವಳು ಸ್ಕ್ರೂ ಡಬ್ಬಿಯಿಂದ ತಲೆ ಎತ್ತುತ್ತಿರಲಿಲ್ಲ. ಮಕ್ಕಳು ಬಂದರೆ ಈಗ ಹಣೆ ಮುಟ್ಟುವುದು ಅವಳೇ. ಅವನು ಪಕ್ಕದಲ್ಲಿ ನಿಂತು ತಲೆ ಸವರುತ್ತಿದ್ದ, ಅದಕ್ಕೆ ಬೆರಳತುದಿ ಬೇಕಿರಲಿಲ್ಲ.

ಊಟದ ಪಾತ್ರೆ ತೊಳೆಯುವುದು ಮದುವೆಯಾದಾಗಿನಿಂದ ಅವನ ಪಾಲಿನ ಕೆಲಸ. ಅದನ್ನೂ ಬಿಡಿ ಅಂತ ಅವಳು ಅಂದಾಗ ಅವನು ಒಪ್ಪಲಿಲ್ಲ. ಹಾಗಾಗಿ ಅವಳು ಬಿಸಿನೀರನ್ನು ತೊಟ್ಟಿಗೆ ಸುರಿದು, ಮೇಲೆ ಒಂದು ಚೊಂಬು ತಣ್ಣೀರು ಬೆರೆಸಿ, ಕೈ ಅದ್ದಿ ನಿಲ್ಲುತ್ತಾಳೆ. ಅವನು ತೋಳು ಮಡಚಿಕೊಂಡು ಪಕ್ಕದಲ್ಲಿ ಕಾಯುತ್ತಾನೆ.

“ಒಂದು, ಎರಡು, ಮೂರು” ಅನ್ನುತ್ತಾಳೆ ಅವಳು. “ನಾಲ್ಕು. ಐದು. ಹೂಂ, ಹಾಕಿ ಕೈ.”

ಅವನು ಲೋಟಗಳನ್ನು ಒಂದೊಂದಾಗಿ ನೀರಿಗೆ ಬಿಡುತ್ತಾನೆ.